ಹದಿನೇಳನೆಯ ಬಿಲ್ಲೆ

ತಾರಿಹಾಳದ ಒಂದು ಎಣ್ಣೆ ಕಾರ್ಖಾನೆಯ ಗೇಟಿನಲ್ಲಿ ನಾನು ಹಾಜರಿ ಗುಮಾಸ್ತನಾಗಿದ್ದೆ. ಹಲಗೆಯ ಮೊಳೆಗಳಿಗೆ ತೂಗುಹಾಕಿದ ಹಿತ್ತಾಳೆ ಬಿಲ್ಲೆಗಳನ್ನು ಬೆಳಿಗ್ಗೆ ಅವರವರ ನಂಬರು ನೋಡಿ ಕೆಲಸಗಾರರಿಗೆ ಕೊಡುವುದು, ಸಂಜೆ ತಿರುಗಿ ಪಡೆಯುವುದು, ಇಷ್ಟೇ ನನ್ನ ಪರಾಕ್ರಮ. ಹದಿನೇಳನೆಯ ಬಿಲ್ಲೆ ಮೈಲಾರಪ್ಪನದು. ಗರಗದವನು, ಐಟಿಐ ಕಲಿತು ತೊಂಬತ್ತರಲ್ಲಿ, ಟ್ಯಾಂಕಿನಲ್ಲಿ ಎಣ್ಣೆ ಎಷ್ಟಿದೆಯೆಂದು ತೋರಿಸುವ ಮೀಟರುಗಳ ರಿಪೇರಿಗೆ ಸೇರಿದವನು. ಹೆಂಡತಿ ಮಾಳವ್ವನಿಗಿಂತ ಮೀಟರುಗಳ ಜೊತೆಗೇ ಅವನು ಹೆಚ್ಚು ಮಾತಾಡುತ್ತಾನೆಂದು ನಾವು ಚುಡಾಯಿಸುತ್ತಿದ್ದೆವು.

೨೦೦೪ರಲ್ಲಿ ನಮ್ಮ ಮಾಲೀಕರು ನೀಲಕಂಠಪ್ಪ ಸಾವಕಾರರಿಗೆ ಹೊಸ ಹುಚ್ಚು ಹಿಡಿಯಿತು. ಹಿಡಿಸಿದವನು ಇಂಜಿನಿಯರ್ ಗುರುಪಾದ. ಪುಣೆಯಲ್ಲಿ ಮೂರು ದಿನದ ತರಬೇತಿ ಮುಗಿಸಿ ಬಂದು, ಆ ಮೂರು ದಿನದ ಬಗ್ಗೆ ಮೂರು ತಿಂಗಳು ಮಾತಾಡಿದ ಪುಣ್ಯಾತ್ಮ. ಅಲ್ಲಿಯವರೆಗೆ ಪ್ರತಿ ಮೀಟರಿಗೂ ಬೇರೆ ಬೇರೆ ತಂತಿ ಇತ್ತು. ಈಗ ಹನ್ನೊಂದು ಹೊಸ ಮೀಟರುಗಳಿಗೆ ಸೇರಿ ಎರಡೆಳೆಯ ಒಂದೇ ಕೇಬಲ್ಲು. ಅದರಲ್ಲೇ ಅವುಗಳಿಗೆ ಕರೆಂಟು, ಅದರಲ್ಲೇ ಅವುಗಳ ಮಾತು. ಕಂಪ್ಯೂಟರು ನಂಬರು ಹಿಡಿದು ಕೂಗಬೇಕು, ಆ ನಂಬರಿನ ಮೀಟರು ಉತ್ತರ ಕೊಡಬೇಕು.

ಪೆಟ್ಟಿಗೆಯಿಂದ ತೆಗೆದಾಗ ಹನ್ನೊಂದಕ್ಕೂ ಕಂಪನಿ ಕೊಟ್ಟ ನಂಬರು ಒಂದೇ, ನೂರಾ ಇಪ್ಪತ್ತಾರು. ಗುರುಪಾದ ಎಲ್ಲವನ್ನೂ ಒಟ್ಟಿಗೆ ಜೋಡಿಸಿ, ತೆಂಗಿನಕಾಯಿ ಒಡೆದು, ಸ್ವಿಚ್ಚು ಒತ್ತಿದ. ಕರೆದರೆ ಎಲ್ಲ ಮೀಟರೂ ಒಟ್ಟಿಗೆ ಬಾಯಿ ತೆರೆದವು, ಕಂಪ್ಯೂಟರಿಗೆ ಒಂದರ ಮಾತೂ ತಿಳಿಯಲಿಲ್ಲ. ಮೂರು ದಿನ ಕೂತು, ಒಂದೊಂದನ್ನೇ ಜೋಡಿಸಿ, ಒಂದೊಂದಕ್ಕೂ ಬೇರೆ ನಂಬರು ಕೊಟ್ಟವನು ಮೈಲಾರಪ್ಪ. ಗುರುಪಾದ ಮಾಡಿದ್ದೇನೆಂದರೆ, ಆ ನಂಬರುಗಳನ್ನು ಕೆಂಪು ಬಣ್ಣದಲ್ಲಿ, ಮೀಟರು ಕೂರಿಸುವ ಪೈಪುಗಳ ಮೇಲೆ ಬರೆಸಿದ್ದು. ಬಣ್ಣ ಒಣಗುವ ಮೊದಲೇ ಸಾವಕಾರರ ಕಿವಿಗೂ ಒಂದು ಮಾತು ಹಾಕಿದ.

"ಒಂದ ತಂತಿ ಆದಮ್ಯಾಲ ಮೈಲಾರಿ ಯಾಕ್ರಿ ಸಾವಕಾರ್ರ? ನಮ್ಮ ಶಶಿಕಾಂತ ನೋಡ್ಕೋತಾನ್ರಿ."

ಶಶಿಕಾಂತ ಗುರುಪಾದನ ಹೆಂಡತಿಯ ತಮ್ಮ. ಬೇರೆ ಯಾವ ಯೋಗ್ಯತೆಯೂ ಬೇಕಾಗಲಿಲ್ಲ. ದಸರೆ ಮುಗಿದೊಡನೆ ಮೈಲಾರಪ್ಪನನ್ನು ಕಳಿಸುವುದೆಂದು ನಿಶ್ಚಯವಾಯಿತು.

ಖಂಡೇ ಪೂಜೆಯ, ಅಂದರೆ ಆಯುಧಪೂಜೆಯ ದಿನ ನಮ್ಮಲ್ಲಿ ಸ್ಪ್ಯಾನರಿನಿಂದ ಲಾರಿಯವರೆಗೆ ಎಲ್ಲಕ್ಕೂ ಸ್ನಾನ. ಹೊಸ ಮೀಟರುಗಳನ್ನೂ ಬಿಚ್ಚಿ ತಂದು ದೇವರ ಮುಂದೆ ಸಾಲಾಗಿ ಇಡಬೇಕೆಂದು ಸಾವಕಾರರು ಅಪ್ಪಣೆ ಕೊಟ್ಟರು. ಮೈಲಾರಪ್ಪ ಗುರುಪಾದನ ಬಳಿ ಓಡಿಬಂದ.

"ಬಿಚ್ಚಬ್ಯಾಡ್ರಿ ಸಾಹೇಬ್ರ. ಇದ್ದಲ್ಲೇ ಕುಂಕುಮ ಹಚ್ಚೋಣ್ರಿ."

"ಯಾಕ? ಪೈಪಿನ ಮ್ಯಾಲ ನಂಬರ್ ಬರಸೇನಲ್ಲ."

"ನಂಬರ್ ಪೈಪಿನ್ಯಾಗ ಇಲ್ರಿ, ಮೀಟರಿನ ಹೊಟ್ಟ್ಯಾಗ ಐತ್ರಿ. ಎಲ್ಲಿ ಒಯ್ದು ಹಚ್ಚಿದ್ರೂ ಅದು ತನ್ನ ನಂಬರಿಗೇ ಓ ಅಂತೈತ್ರಿ."

"ಪುಣೆಕ್ಕ ಹೋಗಿ ಬಂದಾಂವ ನೀನೋ, ನಾನೋ?"

ಮೀಟರುಗಳು ಬಂದವು. ಮೈಲಾರಪ್ಪ ಅಂಟಿಸಿದ್ದ ಗುರುತಿನ ಚೀಟಿಗಳು ಸೋಪಿನ ನೀರಿನಲ್ಲಿ ಹೋದವು. ಹನ್ನೊಂದು ತದ್ರೂಪಿ ಮುಖಗಳಿಗೂ ವಿಭೂತಿ ಬಳಿದರು. ಸಂಜೆ ಗುರುಪಾದನೂ ಶಶಿಕಾಂತನೂ ಕೈಗೆ ಸಿಕ್ಕಿದ್ದನ್ನು ಸಿಕ್ಕ ಪೈಪಿಗೆ ತಿರುಪಿ ಕೈ ತೊಳೆದುಕೊಂಡರು. ಮರುದಿನ ದಶಮಿ. ಗುರುಪಾದ ಮೈಲಾರಪ್ಪನ ಮನೆಗೇ ಹೋಗಿ, ಬನ್ನಿ ಎಲೆ ಕೊಟ್ಟು, "ಬಂಗಾರದಂಗ ಇರೋಣು" ಎಂದು, ಅದೇ ಕೈಯಿಂದ ಕೆಲಸ ಮುಗಿಯಿತೆನ್ನುವ ಲಕೋಟೆಯನ್ನೂ ಕೊಟ್ಟುಬಂದ. ಅಂಥ ನಾಚಿಕೆಗೇಡಿಯನ್ನು ನಾನು ಇನ್ನೊಬ್ಬನನ್ನು ಕಂಡಿಲ್ಲ.

ಅದರ ಮರುದಿನ ಬೆಳಿಗ್ಗೆ ಕಾರ್ಖಾನೆ ಶುರುವಾಯಿತು. ಶಶಿಕಾಂತ ಹದಿನೇಳನೆಯ ಬಿಲ್ಲೆ ಜೇಬಿಗಿಳಿಸಿಕೊಂಡು ಒಳಗೆ ಹೋದ. ಮೂರನೆಯ ಟ್ಯಾಂಕು ತುಂಬಿತ್ತು, ನಾಲ್ಕನೆಯದು ಖಾಲಿ ಇತ್ತು. ಎರಡರ ಮೀಟರುಗಳೂ ಅದಲುಬದಲಾಗಿದ್ದರಿಂದ ಪರದೆಯ ಮೇಲೆ ಮೂರನೆಯದೇ ಖಾಲಿ ಕಂಡಿತು. ಗುರುಪಾದ ತುಂಬಿದ ಟ್ಯಾಂಕಿಗೆ ಪಂಪು ಬಿಟ್ಟ. ಸೂರ್ಯಕಾಂತಿ ಎಣ್ಣೆ ಮೇಲಿನಿಂದ ಉಕ್ಕಿ, ಅಂಗಳ ದಾಟಿ, ನನ್ನ ಕುರ್ಚಿಯ ಕಾಲಿನವರೆಗೆ ಬಂತು. ನೋಡಲು ಓಡಿಬಂದ ಸಾವಕಾರರು ಜಾರಿ, ಬಿಳಿ ಧೋತರದ ಸಮೇತ ಸ್ವಂತ ಎಣ್ಣೆಯಲ್ಲಿ ಕೂತರು. ಪಂಪು ನಿಲ್ಲಿಸಿದರೂ ಯಾವ ಮೀಟರು ಎಲ್ಲಿಯದೆಂದು ಗುರುಪಾದನಿಗೆ ಹೊಳೆಯಲಿಲ್ಲ. ಪುಣೆಯಲ್ಲಿ ಅದನ್ನು ನಾಲ್ಕನೆಯ ದಿನ ಹೇಳಿಕೊಡುತ್ತಿದ್ದರೋ ಏನೋ.

ಅಷ್ಟರಲ್ಲಿ ಮೈಲಾರಪ್ಪ ತನ್ನ ಖಾಕಿ ಬಟ್ಟೆ ಒಪ್ಪಿಸಲು ಗೇಟಿಗೆ ಬಂದಿದ್ದ. ಗುರುಪಾದ ಅವನ ರಟ್ಟೆ ಹಿಡಿದ.

"ಲಗೂ ಬಾರೋ! ಹೊಸಾ ನಂಬರ್ ಕೊಟ್ಟು ಗುತ್ತಿಗಿ ಮ್ಯಾಲ ತಗೋತೇವಿ."

ಹೊಸ ನಂಬರೆಂದರೆ ಹೊಸ ಆಳು. ಹದಿನಾಲ್ಕು ವರ್ಷದ ನೌಕರಿ ಮಣ್ಣುಪಾಲು. ಮೈಲಾರಪ್ಪ ರಟ್ಟೆ ಬಿಡಿಸಿಕೊಂಡು ಸಾವಕಾರರ ಕಡೆ ತಿರುಗಿದ.

"ಹದಿನಾಲ್ಕು ವರ್ಷ ಹದಿನೇಳು ಅಂದ್ರ ಓ ಅಂದಾಂವ ನಾನ್ರಿ ಸಾವಕಾರ್ರ. ಬಿಲ್ಲಿ ಮತ್ತೊಬ್ಬರ ಕಿಸೇದಾಗ ಹಾಕಿದ್ರ ಅವರು ನಾನಾಗೂದಿಲ್ರಿ. ಮೊದಲ ನನ್ನ ಬಿಲ್ಲಿ ಕೊಡಸ್ರಿ. ಆಮ್ಯಾಲ ಮೀಟರ್ ನೋಡ್ತೇನಿ."

ಅವನು ಅಷ್ಟು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಸಾವಕಾರರು ಎಣ್ಣೆ ಸುರಿಯುವ ಧೋತರ ಹಿಂಡುತ್ತ ಗುರುಪಾದನನ್ನು ದುರುಗುಟ್ಟಿ ನೋಡಿದರು.

"ಕೊಡ್ರಿ ಅವನ ಬಿಲ್ಲಿ! ಆ ಲಕೋಟಿ ಹರದು ಒಗೀರಿ!"

ಶಶಿಕಾಂತನ ಜೇಬಿನಿಂದ ಬಿಲ್ಲೆ ಹೊರಬಂತು. ಮೈಲಾರಪ್ಪ ಒಂದೊಂದೇ ಮೀಟರನ್ನು ಜೋಡಿಸಿ, ಅದರ ನಂಬರು ಕೇಳಿ ತಿಳಿದು, ಮಧ್ಯಾಹ್ನದೊಳಗೆ ಹನ್ನೊಂದನ್ನೂ ಅವುಗಳ ಜಾಗಕ್ಕೆ ಮುಟ್ಟಿಸಿದ.

ಸಂಜೆ ನನ್ನ ಕಿಟಕಿಯ ಮುಂದೆ ನಿಂತ.

"ಬಸಣ್ಣ, ಮುಂಜಾನಿ ಈ ಬಿಲ್ಲಿ ಶಶಿಕಾಂತಗ ಯಾರು ಕೊಟ್ರು?"

ಇಷ್ಟು ಹೊತ್ತು ಗುರುಪಾದನನ್ನು ಹೀಯಾಳಿಸಿದೆನಲ್ಲ, ಬಿಲ್ಲೆಯನ್ನು ಮೊಳೆಯಿಂದ ತೆಗೆದು ಕೊಟ್ಟವನು ನಾನೇ. ಒಂದು ಮಾತೂ ಎತ್ತಿರಲಿಲ್ಲ. ತಲೆ ತಗ್ಗಿಸಿ, "ನಾನ" ಎಂದೆ.

ತೆಗೆದುಕೊಳ್ಳಲು ಕೈ ಚಾಚಿದೆ. ಮೈಲಾರಪ್ಪ ಬಿಲ್ಲೆಯನ್ನು ನನ್ನ ಕೈಗೆ ಕೊಡಲಿಲ್ಲ. ಕಿಟಕಿಯೊಳಗೆ ತಾನೇ ಕೈ ಹಾಕಿ ಹದಿನೇಳನೆಯ ಮೊಳೆಗೆ ತೂಗುಹಾಕಿದ. ನಿವೃತ್ತನಾಗುವವರೆಗೂ ದಿನಾ ಹಾಗೆಯೇ ಮಾಡಿದ.