ಬೆಳ್ಳಿಚುಕ್ಕಿಯ ಪಾಲು

ನಮ್ಮ ಅಪೊಲೋನಿಯಾ ಅತ್ತಿಗೆಯಂಥ ಕಿವಿ ಇಡೀ ಸ್ಟೈರ್ ಪಟ್ಟಣದಲ್ಲಿ ಯಾರಿಗೂ ಇಲ್ಲ. ನಮ್ಮದು ಚಾಕು ಮಾಡುವವರ ಬೀದಿ. ಅಲಗನ್ನು ಒಮ್ಮೆ ಕಲ್ಲಿಗೆ ತಟ್ಟಿ ಅತ್ತಿಗೆ "ಒಳಗೆ ಬಿರುಕಿದೆ" ಎಂದರೆ, ನನ್ನ ಅಣ್ಣ ಎದುರಾಡದೆ ಅದನ್ನು ಕುಲುಮೆಗೆ ಹಾಕುತ್ತಿದ್ದ. ಅಷ್ಟು ಧಾರಾಳವಾಗಿ ಕಿವಿ ಕೊಟ್ಟ ದೇವರು ಕೊರಳು ಕೊಡುವಾಗ ಜಿಪುಣನಾಗಿಬಿಟ್ಟ. ಅತ್ತಿಗೆಗೆ ಬರುವುದು ಒಂದೇ ಸ್ವರ.

ಏಳು ವರ್ಷದವರಿದ್ದಾಗಲೇ ಚರ್ಚಿನ ಹಾಡಿನ ಮೇಷ್ಟ್ರು, "ನೀನು ಬಾಯಿ ಆಡಿಸು ಸಾಕು, ಸದ್ದು ಬೇಡ" ಎಂದಿದ್ದರಂತೆ. ಅಂದಿನಿಂದ ಮೂವತ್ತು ವರ್ಷ ಬರಿಯ ತುಟಿ ಆಡಿಸಿದರು. ಕಿವಿ ಮಂದವಾಗಿದ್ದರೆ ಹಾಯಾಗಿ ಹಾಡಿಕೊಂಡಿರುತ್ತಿದ್ದರೇನೋ. ನಾಲ್ಕು ಜನರ ಜೊತೆ ಒಮ್ಮೆ ಗಟ್ಟಿಯಾಗಿ ಹಾಡಬೇಕೆಂಬುದೊಂದೇ ಅವರ ಆಸೆ. ನಾನೋ ಒಳ್ಳೆಯ ಕೊರಳಿನ ಜಂಬದಲ್ಲಿ, "ಹಾಡ್ತಾ ಹಾಡ್ತಾ ರಾಗ ಅಂತಾರೆ. ನಮ್ಮತ್ತಿಗೆ ಆ ಗಾದೇನೇ ಸುಳ್ಳು ಮಾಡಿದ್ರು" ಎಂದು ನಗಿಸುತ್ತಿದ್ದೆ. ಅವರೂ ನಗುತ್ತಿದ್ದರು.

ಆ ವರ್ಷ ಶಾಲೆಯ ಗಣಿತದ ಟೋಬಿಯಾಸ್ ಮೇಷ್ಟ್ರಿಗೆ ಹೊಸ ಹುಚ್ಚು ಹಿಡಿಯಿತು. ಪ್ರತಿ ಗ್ರಹಕ್ಕೂ ಅದರ ವೇಗಕ್ಕೆ ತಕ್ಕ ಸ್ವರವಿದೆ, ಸೂರ್ಯನ ಹತ್ತಿರ ಬಂದಾಗ ಗ್ರಹ ಓಡುತ್ತದೆ, ಸ್ವರ ಏರುತ್ತದೆ; ದೂರ ಹೋದಾಗ ಕಾಲೆಳೆಯುತ್ತದೆ, ಸ್ವರ ಇಳಿಯುತ್ತದೆ ಎಂದು ಹತ್ತಿರದ ಲಿಂಜ್ ಪಟ್ಟಣದಲ್ಲಿ ಯಾರೋ ಲೆಕ್ಕ ಹಾಕಿದ್ದರಂತೆ. ಸಂತ ಯೋಹಾನರ ಹಬ್ಬಕ್ಕೆ ಆರು ಜನರಿಂದ ಆರು ಗ್ರಹ ಹಾಡಿಸುವುದು ಮೇಷ್ಟ್ರ ಯೋಜನೆ. ನನಗೆ ಮಂಗಳ ಸಿಕ್ಕಿತು, ಏರಿಳಿತ ಬೇಕಾದಷ್ಟು. ಬೆಳ್ಳಿಚುಕ್ಕಿ ಸಿಕ್ಕಿದ ಸಬೀನಾ ಮಾತ್ರ ಹಾಳೆಯನ್ನು ಮೇಜಿಗೆ ಎಸೆದಳು.

"ಇದೇನ್ ಮೇಷ್ಟ್ರೇ, ಮೊದಲಿಂದ ಕೊನೇವರೆಗೂ ಒಂದೇ ಸ್ವರ! ನಾನೇನು ಹಸುವಾ?"

ಮೇಷ್ಟ್ರು ಹಲಗೆಯ ಮೇಲೆ ಕೈವಾರ ಇಟ್ಟು ತಿರುಗಿಸಿದರು. "ನೋಡಮ್ಮ, ಬೆಳ್ಳೀದು ಹೆಚ್ಚುಕಮ್ಮಿ ದುಂಡನೆ ದಾರಿ. ಹತ್ತಿರಾನೂ ಇಲ್ಲ, ದೂರಾನೂ ಇಲ್ಲ. ಎಲ್ಲಿಂದ ತರ್ಲಿ ಇನ್ನೊಂದು ಸ್ವರ?"

ಸಬೀನಾ ಹೊರಟೇಹೋದಳು. ನಾನು ಎಂದಿನಂತೆ ತಮಾಷೆಗೆ, "ನಮ್ಮತ್ತಿಗೇನ ಕರೀರಿ, ಬೇರೆ ಸ್ವರ ಬಾ ಅಂದ್ರೂ ಬರಲ್ಲ" ಎಂದೆ. ಮೇಷ್ಟ್ರು ನಗಲಿಲ್ಲ. ನೇರ ನಮ್ಮ ಮನೆಗೆ ಹೊರಟರು.

ಮೇಷ್ಟ್ರ ಮಾತು ಕೇಳಿ ಅತ್ತಿಗೆ ನನ್ನನ್ನೇ ದಿಟ್ಟಿಸಿದರು. "ಊರೆಲ್ಲಾ ನಗೋಕೆ ನಾನೇ ಬೇಕಿತ್ತೇನಪ್ಪ?"

"ಆಕಾಶಕ್ಕೆ ಬೇಕಾಗಿದೆ, ಅಪೊಲೋನಿಯಮ್ಮ," ಎಂದರು ಮೇಷ್ಟ್ರು.

ಹಬ್ಬದ ಮಧ್ಯಾಹ್ನ ಶಾಲೆ ತುಂಬಿತ್ತು. ಅತ್ತಿಗೆ ಕಣ್ಣು ಮುಚ್ಚಿ ಸ್ವರ ಹಿಡಿದರು. ಯಾರೋ ಕಿಸಕ್ಕೆಂದರು. ಅಷ್ಟರಲ್ಲಿ ಗತ್ತಿನಿಂದ ಮೇಲೇರಿದ ನಾನು ಇಳಿಯುವ ದಾರಿಯನ್ನೇ ತಪ್ಪಿದೆ. ನನ್ನ ಹಿಂದೆ ಗುರು, ಶನಿ ಎಲ್ಲರೂ ಎಡವಿದರು. ಆ ಗದ್ದಲದೊಳಗೆ ಒಂದು ಸ್ವರ ಮಾತ್ರ ಅಲುಗದೆ ನಿಂತಿತ್ತು. ಅದನ್ನೇ ಹಿಡಿದು ನಾನು ಇಳಿದೆ, ಉಳಿದವರೂ ಬಂದು ಸೇರಿಕೊಂಡರು. ಆಮೇಲೆ ಯಾರೂ ನಗಲಿಲ್ಲ.

ಮುಗಿದ ಮೇಲೆ ಅತ್ತಿಗೆ ಮೆಲ್ಲಗೆ, "ಮೇಷ್ಟ್ರೇ, ತಪ್ಪಾಯ್ತು. ಉಸಿರು ಮುಗಿಯೋವಾಗ ಒಂದು ಕೂದಲೆಳೆ ಏರಿಬಿಡ್ತು. ಚಿಕ್ಕಂದಿನಿಂದ ಹಾಗೇನೆ" ಎಂದರು. ಆ ಕೂದಲೆಳೆ ಅವರ ಕಿವಿಗಲ್ಲದೆ ಬೇರೆ ಯಾರಿಗೆ ಕೇಳಿಸೀತು?

ಮೇಷ್ಟ್ರು ಲೆಕ್ಕದ ಹಾಳೆಯನ್ನು ಅವರ ಕೈಗೇ ಕೊಟ್ಟರು. "ಬೆಳ್ಳೀನೂ ಅಷ್ಟೇ ಏರೋದಮ್ಮ, ಒಂದು ಕೂದಲೆಳೆ. ದಾರಿ ಪೂರ್ತಿ ದುಂಡಗಿಲ್ಲ. ಹಾಡಿಸೋಕಾಗಲ್ಲ ಅಂತ ನಾನೇ ಬಿಟ್ಟಿದ್ದೆ."

ಅತ್ತಿಗೆ ಹಾಳೆಯಿಂದ ಮುಖ ಮುಚ್ಚಿಕೊಂಡು ಅತ್ತರು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಂತೋಷವಾಯಿತು.

ಮುಂದಿನ ಭಾನುವಾರ ಚರ್ಚಿನಲ್ಲಿ ಅವರು ತುಟಿ ಆಡಿಸಲಿಲ್ಲ. ಸುಮ್ಮನೆ ನಿಂತು, ಹಾಡು ತಮ್ಮ ಸ್ವರಕ್ಕೆ ಬರುವವರೆಗೆ ಕಾದು, ಬಂದಾಗ ಕಿಟಕಿ ಅದುರುವಂತೆ ಹಾಡಿದರು. ಆಮೇಲೆ ನಮ್ಮ ಚರ್ಚಿಗೆ ಬೇರೆ ಪಾದ್ರಿಗಳು ಬಂದರು, ಬೇರೆ ಹಾಡುಗಳು ಬಂದವು. ಅರವತ್ತು ದಾಟಿದ ಅತ್ತಿಗೆ ಈಗಲೂ ಹಾಗೇ ಕಾಯುತ್ತಾರೆ. ಪಕ್ಕದಲ್ಲಿ ನಿಂತು ನಾನೂ ಕಾಯುತ್ತೇನೆ.