ಒಣ ಸೂಜಿ

ಎಂಬತ್ತರ ದಶಕದಲ್ಲಿ ಕನ್ನಡ ಮಾಸ್ತರನಾಗಿದ್ದ ನಾನೂ ನಮ್ಮ ಡ್ರಿಲ್ ಮಾಸ್ತರರೂ ಕುಂದಗೋಳದಿಂದ ಕುಬಿಹಾಳದ ಶಾಲೆಗೆ ದಿನವೂ ಸೈಕಲ್ ತುಳಿಯುತ್ತಿದ್ದೆವು. ಇಬ್ಬರ ತೊಡೆಯ ಸ್ನಾಯುವಿನಲ್ಲೂ ಗಂಟು; ಇಬ್ಬರೂ ಕುಂಟುತ್ತಾ ನಡೆಯುತ್ತಿದ್ದೆವು, ಇಬ್ಬರಿಗೂ ಚಕ್ಕಳಮಕ್ಕಳ ಹಾಕಿ ಕುಳಿತುಕೊಳ್ಳಲು ಆಗುತ್ತಿರಲಿಲ್ಲ. ಅವರು ಹುಬ್ಬಳ್ಳಿಯ ವೈದ್ಯರೊಬ್ಬರಿಂದ ಆ ಗಂಟಿಗೆ ಔಷಧವಿಲ್ಲದ ಬರಿಯ ಸೂಜಿ ಚುಚ್ಚಿಸಿಕೊಂಡು ಬಂದರು. ಎರಡೇ ವಾರಗಳಲ್ಲಿ ಮಕ್ಕಳೊಡನೆ ಖೋ ಖೋ ಆಡತೊಡಗಿದರು. ತರಗತಿಯ ಕಿಟಕಿಯಿಂದ ಅದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು.

"ಒಣ ಸೂಜಿ ಅಂತಾರ್ರಿ ಅದಕ್ಕ," ಎಂದರು ಒಮ್ಮೆ.

"ಒಣ ಅನ್ನೋ ವಿಶೇಷಣಕ್ಕ ವ್ಯರ್ಥ ಅಂತನೂ ಅರ್ಥ ಐತ್ರಿ. ಒಣ ಹರಟಿ, ಒಣ ಜಂಬ," ಎಂದು ನಾನು ತಿದ್ದಿದೆ.

"ಒಣ ಜಂಬ ಯಾರದಂತ ಸಾಲಿಗೆಲ್ಲ ಗೊತ್ತೈತಿ ಬಿಡ್ರಿ ಮಾಸ್ತರ! ಸುಮ್ನ ಹೋಗಿ ಚುಚ್ಚಿಸ್ಕೊಂಡು ಬರ್ರಿ," ಎಂದು ನಕ್ಕರು.

ಮುಂದಿನ ರಜೆಯ ದಿನ ಯಾರಿಗೂ ಹೇಳದೆ ಅದೇ ವೈದ್ಯರ ಬಳಿ ಹೋದೆ. ಸೂಜಿ ಗಂಟಿಗೆ ತಾಗಿದೊಡನೆ ಸ್ನಾಯು ತಟಕ್ಕನೆ ಅದುರಿತು. ಬಳಿಕ ಬಿಗಿ ಮೆಲ್ಲಗೆ ಸಡಿಲಿತು. ಕೆಲವೇ ದಿನಗಳಲ್ಲಿ ಮನೆಯಲ್ಲಿ ಎಲ್ಲರೊಡನೆ ನೆಲದ ಮೇಲೆ ಕುಳಿತು ಉಂಡೆ. ಆದರೆ ಅವರ ಮಾತು ನಿಜವಾಯಿತೆಂದು ಅವರೆದುರು ಒಪ್ಪಿಕೊಳ್ಳುವುದು ನನ್ನಿಂದಾಗಲಿಲ್ಲ. ಆ ವರ್ಷದ ಪರೀಕ್ಷೆಗಳು ಮುಗಿಯುವವರೆಗೂ ಶಾಲೆಯ ಅಂಗಳದಲ್ಲಿ ಕುಂಟುತ್ತಲೇ ನಡೆದೆ.