ಮರುವಾಯಿ ಚಿಪ್ಪಿನ ಲೆಕ್ಕ

ಕೊಡಿಯಾಲ್‌ಬೈಲಿನ ಈ ಫ್ಲಾಟಿನ ಮೆಟ್ಟಿಲು ಹತ್ತುವಾಗ ಯಾರದೋ ಅಡುಗೆಮನೆಯಿಂದ ಮರುವಾಯಿ ಸುಕ್ಕದ, ಅಂದರೆ ಕಪ್ಪೆಚಿಪ್ಪಿನ ಪಲ್ಯದ, ವಾಸನೆ ಬಂದರೆ ನನಗೆ ಬಾಯಲ್ಲಿ ನೀರೂರುವುದಿಲ್ಲ, ಸಿಟ್ಟು ಬರುತ್ತದೆ. ಈ ಫ್ಲಾಟು ಏಳುವ ಮೊದಲು ನಮ್ಮ ಹಂಚಿನ ಮನೆ ಇದ್ದದ್ದು ಇಲ್ಲಿಯೇ. ಮರುವಾಯಿ ತಂದ ದಿನ ಹಿತ್ತಿಲಲ್ಲಿ ಚಿಪ್ಪಿನ ರಾಶಿ ಬೀಳುತ್ತಿತ್ತು. ಅಮ್ಮನ ತಂಗಿ ಜಯಂತಿ ಚಿಕ್ಕಮ್ಮ ಒಂದು ಚಿಪ್ಪನ್ನು ತೊಳೆದು, ಇನ್ನೂ ಉಪ್ಪುನೀರಿನ ವಾಸನೆ ಹೋಗದ ಅದನ್ನು ನನ್ನ ಅಂಗೈಯಲ್ಲಿಟ್ಟು ಮೋಲಾರ್ ರಾಶಿಯ ಲೆಕ್ಕ ಹೇಳಿಕೊಡುತ್ತಿದ್ದಳು. ಚಿಪ್ಪು ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್; ಕ್ಯಾಲ್ಸಿಯಂ ನಲವತ್ತು, ಕಾರ್ಬನ್ ಹನ್ನೆರಡು, ಆಕ್ಸಿಜನ್ ಹದಿನಾರು ಮೂರು ಸಲ; ಕೂಡಿದರೆ ನೂರು. ಒಂದು ಮೋಲ್ ಚಿಪ್ಪು ಅಂದರೆ ನೂರು ಗ್ರಾಂ. ಅದೇ ಚಿಪ್ಪನ್ನು ಸುಟ್ಟು ನೀರು ಹಾಕಿದ ಸುಣ್ಣಕ್ಕೆ ಬಂದಾಗ ಮಾತ್ರ ನಾನು ಎಡವುತ್ತಿದ್ದೆ. ಅದರ ಸೂತ್ರ Ca(OH)₂; ಅದರಲ್ಲಿ ಕಂಸದ ಹೊರಗಿರುವ ಎರಡರಿಂದ ಹೈಡ್ರೋಜನನ್ನಷ್ಟೇ ಗುಣಿಸಿ ಆಕ್ಸಿಜನನ್ನು ಮರೆಯುತ್ತಿದ್ದೆ. "ಎಂತ ಮಾರಾಯ್ತಿ, ಹೊರಗಿನ ಎರಡು ಒಳಗಿದ್ದವರಿಗೆಲ್ಲ ಉಂಟು. ಈಗ ಮಾಡು, ಎಪ್ಪತ್ತನಾಲ್ಕು ಬರ್ತದೆ" ಎಂದು ತಲೆಗೊಂದು ಮೊಟಕುತ್ತಿದ್ದಳು. ಲೆಕ್ಕ ಸರಿಬಂದರೆ ನನಗಿಂತ ಹೆಚ್ಚು ಹಿಗ್ಗುತ್ತಿದ್ದವಳು ಅವಳೇ.

ಅವಳಿಗೆ ಎಂ.ಎಸ್ಸಿ. ಸೀಟು ಸಿಕ್ಕಿತು. ನಮ್ಮದು ಅಳಿಯಸಂತಾನ. ಮನೆ ಹೆಂಗಸರದು, ಮಾತು ಮಾತ್ರ ಮಾವನದು. ಮಾವ ಅಂದರೆ ಅಮ್ಮನ ಅಣ್ಣ, ಮನೆಯ ಯಜಮಾನ. ಚಾವಡಿಯಲ್ಲಿ ಕೂತು, "ಕೊಟ್ಟಾರದ ಸಂಬಂಧ ಒಳ್ಳೇದುಂಟು. ಮದುವೆಯಾಗಿ ಓದಲಿ, ಅವರು ಬೇಡ ಹೇಳುವುದಿಲ್ಲ" ಅಂದರು. "ನಾನು ಈಗಲೇ ಓದ್ತೇನೆ ಅಣ್ಣ" ಅಂದಳು ಚಿಕ್ಕಮ್ಮ. ಅವರು ಪೇಪರಿನಿಂದ ಕಣ್ಣೆತ್ತಲಿಲ್ಲ. ಅಜ್ಜಿ ತುಟಿ ಬಿಚ್ಚಲಿಲ್ಲ, ಅಮ್ಮನೂ ಬಿಚ್ಚಲಿಲ್ಲ. ಮನೆಯ ಒಡತಿಯರಂತೆ ಇವರು. ಕೊಟ್ಟಾರದವರು ಬೇಡ ಅನ್ನಲಿಲ್ಲ ನಿಜ. ಮೊದಲು ಮಗುವಾಗಲಿ, ಮಗು ದೊಡ್ಡದಾಗಲಿ, ಅತ್ತೆ ಹುಷಾರಾಗಲಿ ಅಂದರು. ಹೀಗೆ ಅನ್ನುತ್ತಲೇ ಅವಳ ಆಯುಸ್ಸು ಮುಗಿಸಿದರು. ನಿಮ್ಮ ಮನೆಯಲ್ಲೂ ಇಂಥವಳೊಬ್ಬಳು ಇದ್ದಿರಬಹುದು.

ಹೋದ ವರ್ಷ ಅವಳು ತೀರಿಕೊಂಡಳು. ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟಕ್ಕೆ ಎಲೆ ಹಾಕಿದ್ದರು. ಮಾವ ಅನ್ನ ಕಲಸುತ್ತ, "ಜಯಂತಿಗೆ ನಾವು ಎಂತ ಕಮ್ಮಿ ಮಾಡಿದ್ದೇವೆ? ಎಲ್ಲ ಇತ್ತು ಅವಳಿಗೆ" ಅಂದರು. ಪಂಕ್ತಿಯಲ್ಲಿದ್ದವರೆಲ್ಲ ತಲೆಯಾಡಿಸಿದರು. ಚಿಕ್ಕಮ್ಮನ ಆ ಒಂದು ಮಾತು ಬಿಟ್ಟರೆ ನಮ್ಮಲ್ಲಿ ಹೆಂಗಸರು ಅವರಿಗೆ ಎದುರಾಡಿದ್ದೇ ಇಲ್ಲ. "ಅವಳು ಕೇಳಿದ್ದು ಒಂದೇ ಮಾವ, ಅದನ್ನೇ ನೀವು ಕೊಡಲಿಲ್ಲ" ಎಂದು ಎಲೆ ಬಿಟ್ಟು ಎದ್ದೆ.

ಕೈ ತೊಳೆಯುವಾಗ ಅಮ್ಮ ಹಿಂದೆ ಬಂದು ನಿಂತಳು. ಬೈಯುತ್ತಾಳೆ ಅಂದುಕೊಂಡೆ.

"ಆ ದಿನ ನಾನು ಹೇಳಬೇಕಿತ್ತು" ಅಂದಳು.

ಹೌದು, ಹೇಳಬೇಕಿತ್ತು. ಅವಳು ಅಲ್ಲೇ ನಿಂತು ಅತ್ತಳು. ನಾನು ಸಮಾಧಾನ ಮಾಡಲಿಲ್ಲ.